ಬನಶಂಕರಿಯ ಸೀಮೆಯಲ್ಲಿ ನೆಗೆಟಿವ್

1855ರಲ್ಲಿ ಮುಂಬಯಿ ಸರ್ಕಾರವು ತನ್ನ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್ ಎಂಬಾತನನ್ನು ಛಾಯಾಗ್ರಾಹಕನನ್ನಾಗಿ ನಿಯಮಿಸಿ, ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಪ್ರಾಚೀನ ಕಟ್ಟಡಗಳ ಚಿತ್ರಗಳನ್ನು ಹಿಡಿದು ತರುವಂತೆ ಕಳುಹಿಸಿದಾಗ, ಆತನ ಕೈಯಲ್ಲಿದ್ದುದು ಫಿಲ್ಮೂ ಅಲ್ಲ, ಗಾಜಿನ ಹಲಗೆಯೂ ಅಲ್ಲ. ಬೆಳ್ಳಿಯ ಲವಣಗಳನ್ನು ಹೀರಿಸಿದ ಬರಿಯ ಕಾಗದ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದಿದ್ದ ಕ್ಯಾಲೊಟೈಪ್ ಪದ್ಧತಿ ಅದು. ಬೆಳಕೆಲ್ಲ ಕತ್ತಲಾಗಿ, ಕತ್ತಲೆಲ್ಲ ಬೆಳಕಾಗಿ ಮೂಡುವ ಆ ಕಾಗದದ ನೆಗೆಟಿವನ್ನು ಮತ್ತೊಂದು ಕಾಗದದ ಮೇಲಿರಿಸಿ ಬಿಸಿಲಿಗೊಡ್ಡಿದರೆ, ಮೂಲದಷ್ಟೇ ಅಳತೆಯ ನೇರಚಿತ್ರ ದೊರೆಯುತ್ತಿದ್ದಿತು. ವರ್ಷ ಕಳೆಯುವ ಮೊದಲೇ ಬಿಗ್ಸನನ್ನು ಸೇನೆಗೆ ಹಿಂದಕ್ಕೆ ಕರೆಸಿಕೊಂಡುದರಿಂದ, ಆ ಕಾರ್ಯವು ಪಿಗೌ ಎಂಬ ವೈದ್ಯನ ಪಾಲಿಗೆ ಬಂದಿತು. ಅವರೀರ್ವರು ಹಾಗೂ ನೀಲ್ ಎಂಬ ಮೂರನೆಯವನು ತೆಗೆದ ಚಿತ್ರಗಳು, ಮೆಡೋಸ್ ಟೇಲರನ ಇತಿಹಾಸಕಥನ ಮತ್ತು ಫರ್ಗುಸನ್ನನ ವಾಸ್ತುಟಿಪ್ಪಣಿಗಳೊಡನೆ, 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಹೊರಬಂದವು. ಮುಂದೆ 1874ರಲ್ಲಿ ಪುರಾತತ್ತ್ವಜ್ಞ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು ಸುತ್ತಿ ವರದಿ ಬರೆದನು. 1926ರಲ್ಲಿ ಕಸಿನ್ಸನ ಚಾಲುಕ್ಯ ವಾಸ್ತುಗ್ರಂಥ ಪ್ರಕಟವಾಯಿತು.

ಸರ್ಕಾರದ ಛಾಯಾಗ್ರಾಹಕರ ದೃಷ್ಟಿಯೆಲ್ಲ ಕಲ್ಲಿನ ಮೇಲೆ. ಚಾಲುಕ್ಯ ಮಂಗಳೇಶನು 578ರಲ್ಲಿ ಸಿದ್ಧಪಡಿಸಿದ ಬಾದಾಮಿಯ ಮೂರನೆಯ ಗುಹೆಯ ಕಂಬದ ಬಳಿ ಯಾರಾದರೂ ಸ್ಥಳಿಕನು ನಿಂತಿದ್ದರೆ, ಆ ಕಂಬದ ಎತ್ತರವೆಷ್ಟೆಂದು ತೋರಿಸುವುದಕ್ಕಾಗಿ ಮಾತ್ರ ಅವನನ್ನು ನಿಲ್ಲಿಸಿರುತ್ತಾರೆ. ಅವನ ಹೆಸರನ್ನು ಬರೆದಿಡುವ ಅಗತ್ಯ ಯಾರಿಗೂ ತೋರಲಿಲ್ಲ. ಈ ಸೀಮೆಯ ಜನರು ತಮ್ಮ ಮುಖವನ್ನು ತಾವೇ ಹಣ ಕೊಟ್ಟು ತೆಗೆಸಿಕೊಂಡ ಚಿತ್ರಗಳ ಚರಿತ್ರೆಯು ಬೇರೆಯೇ ಆಗಿದೆ, ಮತ್ತು ಅದಕ್ಕೆ ಗ್ರಂಥವಿಲ್ಲ.

ಬಾದಾಮಿಯಿಂದ ಮೂರು ಮೈಲಿಯಷ್ಟು ದೂರದಲ್ಲಿ, ಚೊಳಚಗುಡ್ಡದ ಸಮೀಪ, ಶಾಕಂಬರಿಯೆಂಬ ನಾಮಾಂತರವುಳ್ಳ ಬನಶಂಕರಿಯ ಗುಡಿಯಿದೆ. ಪುಷ್ಯಮಾಸದಲ್ಲಿ ದೇವಿಗೆ ನೂರೆಂಟು ಬಗೆಯ ತರಕಾರಿಗಳ ನೈವೇದ್ಯವನ್ನರ್ಪಿಸುವ ಪಲ್ಲೇದ ಹಬ್ಬವಾಗಿ, ಬನದ ಹುಣ್ಣಿಮೆಯಂದು ತೇರು ಎಳೆದ ಮೇಲೆಯೂ ಅಲ್ಲಿನ ಜಾತ್ರೆ ಮುಗಿಯುವುದಿಲ್ಲ. ನಾಟಕ ಕಂಪನಿಗಳು ಡೇರೆ ಹಾಕಿ ವಾರಗಟ್ಟಲೆ ಆಟವಾಡುತ್ತವೆ. ಜನರು ಇಷ್ಟು ಕಾಲ ಹೊಸ ಸೀರೆಯುಟ್ಟು, ರುಮಾಲು ಸುತ್ತಿ ಒಂದೆಡೆ ನೆರೆದಿದ್ದಾರೆಂದಮೇಲೆ ಅಲ್ಲಿಗೆ ಫೋಟೋದವನು ಬಾರದಿರುವನೇ? ನಮ್ಮ ಕಡೆಯ ಜಾತ್ರೆಗಳಲ್ಲಿ ತಾವರೆಗೊಳವನ್ನೋ ಅರಮನೆಯ ಮೆಟ್ಟಿಲನ್ನೋ ಬರೆದ ಪರದೆಯನ್ನು ಇಳಿಬಿಟ್ಟು, ಮುಂದೊಂದು ಕುರ್ಚಿಯಿಟ್ಟು ಕಾಯುತ್ತಿದ್ದ ಈ ಕಸಬುದಾರನು, ಬಣ್ಣದ ವೇಷದಲ್ಲಿದ್ದ ನಟನನ್ನೂ, ಆಗತಾನೇ ಮದುವೆಯಾದವರನ್ನೂ, ಬಲವಂತಕ್ಕೆ ಕುಳಿತ ಅಜ್ಜಿಯನ್ನೂ ಒಂದೇ ಗಾಂಭೀರ್ಯದಿಂದ ಹಿಡಿಯುತ್ತಿದ್ದನು.

ಹಳೆಯ ಫಿಲ್ಮು ಎಲ್ಲ ಬಣ್ಣಗಳನ್ನೂ ಸಮನಾಗಿ ಕಾಣುತ್ತಿರಲಿಲ್ಲ. ಆರ್ಥೋಕ್ರೊಮ್ಯಾಟಿಕ್ ಎಂಬ ಜಾತಿಯ ಫಿಲ್ಮಿಗೆ ಕೆಂಪು ಕಾಣದು. ಆದುದರಿಂದಲೇ ಡೆವಲಪ್ ಮಾಡುವಾಗ ಕತ್ತಲೆಕೋಣೆಯಲ್ಲಿ ಕೆಂಪು ದೀಪವನ್ನು ಹಚ್ಚಬಹುದಾಗಿದ್ದಿತು. ಅದೇ ಕಾರಣದಿಂದ ಇಳಕಲ್ಲಿನ ಸೀರೆಯ ಕೆಂಪು ರೇಷ್ಮೆಯ ಸೆರಗೂ, ಹಣೆಯ ಕುಂಕುಮವೂ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತಿದ್ದವು. ಅಂಥ ಚಿತ್ರಗಳನ್ನು ನೋಡಿ ನಮ್ಮ ಮುತ್ತಜ್ಜಿಯರು ಕಪ್ಪು ಸೆರಗನ್ನೇ ಮೆಚ್ಚುತ್ತಿದ್ದರೆಂದು ಯಾರಾದರೂ ಪ್ರಬಂಧ ಬರೆದರೆ, ಆ ತಪ್ಪು ಅಜ್ಜಿಯರದಲ್ಲ.

1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ ‘ಇಂದು’ ಎಂಬ ಹೆಸರಿನ ದೇಶೀ ಫಿಲ್ಮು ಬರತೊಡಗಿದ ಮೇಲೆ ಊರೂರಿನ ಸ್ಟುಡಿಯೋಗಳಿಗೆ ಅದೂ ಒಂದು ಆಧಾರವಾಯಿತು. ಸ್ಟುಡಿಯೋದವರು ಬಹುಮಟ್ಟಿಗೆ ಬಳಸುತ್ತಿದ್ದುದು 120 ಸಂಖ್ಯೆಯ ಅಗಲ ರೋಲನ್ನು. ಚೌಕ ಅಳತೆಯಲ್ಲಿ ಹನ್ನೆರಡು ಚಿತ್ರಗಳು. ತೊಳೆದು ಒಣಗಿಸಿದ ನೆಗೆಟಿವನ್ನು ಬಿಡಿಬಿಡಿಯಾಗಿ ಕತ್ತರಿಸಿ, ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ನಂಬರು ಬರೆದಿಡುವುದು ರೂಢಿ. ನೆಗೆಟಿವ್ ಕಳೆದುಹೋದಲ್ಲಿ ಮತ್ತೊಂದು ಉಪಾಯವುಂಟು. ಸತ್ತವರ ಚಿಕ್ಕದೊಂದು ಫೋಟೋವನ್ನು ಮನೆಯವರು ತಂದುಕೊಟ್ಟರೆ, ಅದನ್ನು ಗೋಡೆಗೆ ನಿಲ್ಲಿಸಿ, ಕ್ಯಾಮರಾದಿಂದಲೇ ಮತ್ತೆ ಹಿಡಿದು, ಕಾಪಿ ನೆಗೆಟಿವ್ ಮಾಡಿ, ಹಾರ ಹಾಕುವಷ್ಟು ದೊಡ್ಡದಾಗಿ ತೆಗೆದುಕೊಡುತ್ತಿದ್ದರು. ಚಿತ್ರದ ಚಿತ್ರವನ್ನು ಹಿಡಿಯುವ ವಿದ್ಯೆ ಇಂದಿನದಲ್ಲ. ಅದನ್ನು ಯಂತ್ರಕ್ಕೊಪ್ಪಿಸಿದ್ದೂ ಇಂದಲ್ಲ: ಮೆಕಾರ್ಥಿ ಎಂಬ ನ್ಯೂಯಾರ್ಕಿನ ಬ್ಯಾಂಕ್ ನೌಕರನು ಚೆಕ್ಕುಗಳನ್ನು ಒಂದಾದಮೇಲೊಂದು ಫಿಲ್ಮಿನ ಮೇಲಿಳಿಸಲು ರಚಿಸಿದ ಯಂತ್ರವನ್ನು ಕೊಡಾಕ್ ಕಂಪನಿಯು 1928ರಲ್ಲಿಯೇ ಮಾರಾಟಕ್ಕೆ ತಂದಿದ್ದಿತು.

ಈಗ ಹವ್ಯಾಸಿಗಳು ಮನೆಯಲ್ಲಿಯೇ ಕಟ್ಟಿಕೊಳ್ಳುವ ಉಪಕರಣವು ಇದನ್ನೇ ತಿರುವುಮುರುವು ಮಾಡಿ, ಫಿಲ್ಮಿನಲ್ಲಿರುವುದನ್ನು ಡಿಜಿಟಲ್ ಕ್ಯಾಮರಾಕ್ಕೆ ಇಳಿಸುತ್ತದೆ. ಕೆಳಗೆ ಎಲ್‌ಇಡಿ ದೀಪ, ಅದರ ಮೇಲೆ ಬೆಳಕನ್ನು ಹದವಾಗಿ ಹರಡುವ ಹಾಲುಬಿಳುಪಿನ ಅಕ್ರಿಲಿಕ್ ಹಲಗೆ, ಫಿಲ್ಮನ್ನು ಸಪಾಟಾಗಿ ಹಿಡಿಯುವ ಚೌಕಟ್ಟು, ಮೇಲಿನಿಂದ ಕೆಳಮೊಗವಾಗಿ ನೋಡುವ ಮ್ಯಾಕ್ರೋ ಲೆನ್ಸಿನ ಕ್ಯಾಮರಾ. ಫಿಲ್ಮನ್ನು ಮುಂದೂಡಲು ಹಲ್ಲುಚಕ್ರಕ್ಕೆ ಜೋಡಿಸಿದ ಸ್ಟೆಪರ್ ಮೋಟಾರು. ಅದಕ್ಕೆ ಅಪ್ಪಣೆ ಕೊಡಲು ಆರ್ಡುಯಿನೋದಂಥ ಚಿಕ್ಕ ಫಲಕ. ಇಲ್ಲಿನ ಲೆಕ್ಕ ಸೊಗಸಾದುದು. 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರದ ಉದ್ದ 36 ಮಿಲಿಮೀಟರ್, ನಡುವಣ ತೆರಪು 2. ಕೂಡಿ 38, ಎಂದರೆ ಅಂಚಿನ ಎಂಟು ತೂತುಗಳು. ಚಕ್ರಕ್ಕೆ ಎಂಟು ಹಲ್ಲುಗಳಿದ್ದು, ಮೋಟಾರು ಒಂದು ಸುತ್ತಿಗೆ 200 ಹೆಜ್ಜೆಯಿಡುವುದಾದರೆ, ಸುತ್ತೊಂದು ಮುಗಿದಾಗ ಚಿತ್ರವೊಂದು ಸರಿದಿರುತ್ತದೆ, ಹೆಜ್ಜೆಗೆ 0.19 ಮಿಲಿಮೀಟರ್. ಫಿಲ್ಮು ಸರಿದು ನಿಂತು, ಅದುರು ಅಡಗಿದ ತರುವಾಯ ತಂತಿಯ ಮೂಲಕ ಶಟರಿಗೆ ಸೂಚನೆ ಹೋಗುತ್ತದೆ. ಹಳೆಯ ಕ್ಯಾಮರಾಗಳಲ್ಲಿ ಚಿತ್ರಗಳ ನಡುವಣ ತೆರಪು ಕೆಲವೊಮ್ಮೆ ಹೆಚ್ಚುಕಡಿಮೆಯಾಗಿರುವುದರಿಂದ, ಜಾಗರೂಕನಾದ ನಿರ್ಮಾಪಕನು ಬರಿಯ ಎಣಿಕೆಯನ್ನು ನಂಬದೆ, ತೆರಪಿನ ಬೆಳಕನ್ನು ಗುರುತಿಸುವ ಸೆನ್ಸರೊಂದನ್ನೂ ಸೇರಿಸುತ್ತಾನೆ. ಉಳಿದುದು ಕಂಪ್ಯೂಟರಿನ ಕೆಲಸ: ಛಾಯೆಯನ್ನು ತಿರುಗಿಸುವುದು, ಬಣ್ಣದ ನೆಗೆಟಿವಾದರೆ ಅದರ ಕಿತ್ತಳೆ ಮುಸುಕನ್ನು ತೆಗೆಯುವುದು.

ಆದರೆ ಈ ಸೊಗಸೆಲ್ಲ ಕತ್ತರಿಸದ ರೋಲಿಗೆ ಸಲ್ಲುವಂಥದು. 120ರ ಫಿಲ್ಮಿಗೆ ತೂತುಗಳೇ ಇಲ್ಲ. ಅದನ್ನು ಹಲ್ಲಿನ ಬದಲು ರಬ್ಬರಿನ ಉರುಳೆಗಳಿಂದ ಸರಿಸಬೇಕು. ಸ್ಟುಡಿಯೋದವರು ಬಿಡಿಯಾಗಿ ಕತ್ತರಿಸಿ ಲಕೋಟೆಗೆ ಹಾಕಿಟ್ಟುದನ್ನಂತೂ ಯಾವ ಮೋಟಾರೂ ಎಳೆಯಲಾರದು. ಒಂದೊಂದನ್ನೂ ಕೈಯಿಂದಲೇ ತೆಗೆದು, ಅಂಚು ಹಿಡಿದು, ಧೂಳನ್ನು ಗಾಳಿಯಿಂದ ಊದಿ, ಚೌಕಟ್ಟಿನಲ್ಲಿಡಬೇಕು. ಗಿರಾಕಿ ಮತ್ತೆ ಬಂದು ಕೇಳಿದರೆ ಥಟ್ಟನೆ ಸಿಗಲೆಂದು ಹಿಂದಿನವರು ಮಾಡಿದ ಜಾಣತನವೇ ಇಂದಿನ ಯಂತ್ರಕ್ಕೆ ಅಡ್ಡಿಯಾಯಿತು. ಹಾಗೆಂದು ಅದನ್ನು ಹಳಿಯಲಾಗದು: ಲಕೋಟೆಯ ಮೇಲಿನ ಆ ನಂಬರೂ, ಅದಕ್ಕೆ ಸರಿಯಾದ ರಿಜಿಸ್ಟರೂ ಉಳಿದಿದ್ದರೆ ಚಿತ್ರದಲ್ಲಿರುವವರಾರೆಂಬುದು ತಿಳಿಯುತ್ತದೆ. ಮೋಟಾರಿನಿಂದ ಗಂಟೆಗೆ ನೂರಾರು ಚಿತ್ರಗಳನ್ನು ಇಳಿಸಿಕೊಂಡವನ ಬಳಿ, ಹೆಸರಿಲ್ಲದ ನೂರಾರು ಮುಖಗಳು ಮಾತ್ರ ಇದ್ದಾವು. ಬಿಗ್ಸನ ಕಾಲದಲ್ಲಿ ಕಂಬದ ಪಕ್ಕದಲ್ಲಿ ನಿಂತಿದ್ದವನ ಗತಿಯೇ ಇವರಿಗೂ ಆಗಬಾರದೆಂದಾದರೆ, ಲಕೋಟೆಯನ್ನೂ ರಿಜಿಸ್ಟರಿನ ಪುಟವನ್ನೂ ಅದೇ ಕ್ಯಾಮರಾದಿಂದ, ನೆಗೆಟಿವಿಗಿಂತ ಮೊದಲು ಹಿಡಿದುಕೊಳ್ಳಬೇಕು.

ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂಬುದಕ್ಕೆ ಮೂಗೇ ಪ್ರಮಾಣ. ಅಸಿಟೇಟ್ ಫಿಲ್ಮು ಸೆಕೆ ತೇವಗಳಿಗೆ ಸಿಕ್ಕಿ ಕೆಡತೊಡಗಿದರೆ ವಿನೆಗರಿನ ಹುಳಿವಾಸನೆ ಹೊರಡುತ್ತದೆ. ಮುಂದೆ ಅದು ಕುಗ್ಗಿ, ಮುದುಡಿ, ಚೌಕಟ್ಟಿಗೆ ಹತ್ತದಂತಾಗುತ್ತದೆ, ಮತ್ತು ಒಂದರ ಆವಿ ಪಕ್ಕದ್ದನ್ನೂ ಕೆಡಿಸುತ್ತದೆ. ಅಂಥ ಡಬ್ಬಿಗಳನ್ನು ಬೇರೆಯಾಗಿಟ್ಟು, ಅವುಗಳ ಕೆಲಸವನ್ನು ಮೊದಲು ಮುಗಿಸಬೇಕು. ಅವುಗಳ ಬೆನ್ನಿಗೆ ಬಣ್ಣ ಮಾಸುವ ಕಲರ್ ನೆಗೆಟಿವ್‌ಗಳನ್ನು ಹಿಡಿಯಬೇಕು. ಗಾಜಿನ ಪ್ಲೇಟುಗಳೇನಾದರೂ ಇದ್ದರೆ, ಕೈಜಾರಿ ಒಡೆಯದಂತೆ ನಿಲ್ಲಿಸಿಟ್ಟರೆ ಸಾಕು, ಅವು ಕಾಯಬಲ್ಲವು.