ವೀಡಿಯೋ ಆಟಗಳಲ್ಲಿ ಕಾಲಮಾಂದ್ಯ: ಒಂದು ಯುದ್ಧಶಕ್ತಿಯ ಸವಕಳಿಯೂ ಪುನರ್ನವತೆಯೂ

ಚರ್ವಿತಚರ್ವಣವೆಂಬ ದೋಷವನ್ನು ಕಾವ್ಯದಲ್ಲಿ ಮಾತ್ರ ಹುಡುಕುವುದು ನಮ್ಮ ಪಂಡಿತವರ್ಗದ ವಾಡಿಕೆ. ವೀಡಿಯೋ ಆಟಗಳೂ ಆ ದೋಷಕ್ಕೆ ಒಳಗಾದುವೆಂಬುದನ್ನೂ, ಅದರಿಂದ ಪಾರಾಗಲು ಅವುಗಳಲ್ಲಿ ಕೆಲವು ಹಿಡಿದ ಮಾರ್ಗವು ಅಲಂಕಾರಶಾಸ್ತ್ರವನ್ನು ಓದಿದವರಿಗೆ ಅಪರಿಚಿತವಲ್ಲವೆಂಬುದನ್ನೂ ಇಲ್ಲಿ ವಿಚಾರಮಾಡಬೇಕೆಂದಿದ್ದೇನೆ. ವಿದ್ಯಾರ್ಥಿಗಳು ಈ ಆಟಗಳ ಮಾತನ್ನೆತ್ತಿದೊಡನೆ, ಅವೆಲ್ಲವೂ ಒಂದೇ ಬಗೆಯ ಹೊಡೆದಾಟವೆಂದು ಬಾಯಿ ಮುಚ್ಚಿಸುವ ಉಪಾಧ್ಯಾಯರು ನಮ್ಮಲ್ಲಿ ಹಲವರುಂಟು. ನಾನೂ ಬಹುಕಾಲ ಅವರಲ್ಲೊಬ್ಬನಾಗಿದ್ದೆನು. ಆ ತೀರ್ಪು ದುಡುಕಿನದೆಂದು ಈಗ ತೋರುತ್ತದೆ.

ಇಂಥ ಆಟಗಳಲ್ಲಿ ನಾಯಕನಿಗೆ ಒದಗುವ ಯುದ್ಧಶಕ್ತಿಗಳು ಅನೇಕ. ಪ್ರಕೃತ ಒಂದನ್ನೇ ತೆಗೆದುಕೊಳ್ಳೋಣ. ಕಾಳಗದ ನಡುವೆ ಕಾಲದ ಗತಿಯು ಮಂದವಾಗಿ, ಹಾರಿಬರುವ ಗುಂಡುಗಳು ಕಣ್ಣಿಗೆ ಕಾಣುವಷ್ಟು ಮೆಲ್ಲನೆ ಚಲಿಸುತ್ತಿರಲು, ನಾಯಕನು ನಿರಾತಂಕವಾಗಿ ಗುರಿಯಿಡುವನು. ಇದಕ್ಕೆ ಬುಲೆಟ್ ಟೈಮ್ ಎಂಬ ಹೆಸರು ರೂಢಿಯಲ್ಲಿದೆ, ನಾವು ಕಾಲಮಾಂದ್ಯವೆನ್ನೋಣ. ಹಾಂಗ್‌ಕಾಂಗಿನ ಜಾನ್ ವೂ ಅವರ ಚಲಚ್ಚಿತ್ರಗಳಲ್ಲಿ ಮಂದಗತಿಯ ಗುಂಡಿನ ಕಾಳಗವು ಮೊದಲೇ ಪ್ರಸಿದ್ಧವಾಗಿದ್ದಿತು. 1999ರ 'ದಿ ಮೇಟ್ರಿಕ್ಸ್' ಚಿತ್ರವು ಅದನ್ನು ಲೋಕವಿಖ್ಯಾತವಾಗಿಸಿತು. ಫಿನ್ಲೆಂಡಿನ ರೆಮಿಡಿ ಸಂಸ್ಥೆಯವರ 'ಮ್ಯಾಕ್ಸ್ ಪೇನ್' (2001) ಇದನ್ನು ಆಡುವವನ ಕೈಗೆ ಕೊಟ್ಟ ಆಟಗಳಲ್ಲಿ ಮುಖ್ಯವಾದದ್ದು. ಅಲ್ಲಿ ಈ ಶಕ್ತಿಯು ಒಂದು ಭಂಡಾರ: ತೆರೆಯ ಮೂಲೆಯಲ್ಲಿ ಮರಳುಗಡಿಯಾರದ ಚಿತ್ರವುಂಟು, ಬಳಸಿದಷ್ಟೂ ಬರಿದಾಗುವುದು, ಶತ್ರುಗಳು ಬಿದ್ದಂತೆ ಮತ್ತೆ ತುಂಬುವುದು.

ಅನಂತರ ಬಂದುದು ಅನುಕರಣದ ಕಾಲ. 2005ರ 'ಫಿಯರ್' ಆಟದಲ್ಲಿ ಸೈನಿಕನಿಗೂ, 2007ರ 'ಸ್ಟ್ರಾಂಗಲ್‌ಹೋಲ್ಡ್'ನಲ್ಲಿ ಪೊಲೀಸನಿಗೂ, 2010ರ 'ರೆಡ್ ಡೆಡ್ ರಿಡೆಂಪ್ಷನ್'ನಲ್ಲಿ ಅಮೆರಿಕದ ಗಡಿನಾಡಿನ ಕುದುರೆಸವಾರನಿಗೂ ಇದೇ ಶಕ್ತಿ. ವೇಷ ಬೇರೆ, ಭಂಡಾರ ಒಂದೇ. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರವೆಂದು ಮೊದಲೇ ತಿಳಿದಿರುವ ಯುದ್ಧವರ್ಣನೆಯನ್ನು ನೂರನೆಯ ಸಲ ಓದುವವನಿಗೆ ಆಗುವ ಬೇಸರವೇ ಇಲ್ಲಿಯೂ ಆಗುವುದು. 2012ರ 'ಮ್ಯಾಕ್ಸ್ ಪೇನ್ 3' ಈ ದೃಶ್ಯವನ್ನು ಬಹಳ ವೈಭವದಿಂದ ತೋರಿಸಿತು. ಆದರೆ ವೈಭವವು ನವತೆಯಲ್ಲ.

ಹಾಗಾದರೆ ನವತೆ ಎಲ್ಲಿಂದ ಬರಬೇಕು? ಹಳೆಯ ಅರ್ಥವೇ ಹೊಸದಾಗುವ ಬಗೆಯನ್ನು ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ವಿಚಾರಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ವಸ್ತುವನ್ನು ಬಿಡಬೇಕಾಗಿಲ್ಲ, ಅದು ಬೇರೊಂದರೊಡನೆ ಹೊಂದುವ ಸಂಬಂಧವನ್ನು ಬದಲಿಸಬೇಕು. ಸವಕಳಿಗೆ ಮೊದಲೇ, 2003ರಲ್ಲಿ, ಯೂಬಿಸಾಫ್ಟಿನ ಮಾಂಟ್ರಿಯಲ್ ಶಾಖೆಯವರು 'ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್' ಎಂಬ ಆಟದಲ್ಲಿ ಹೀಗೆಯೇ ಮಾಡಿದ್ದರು. ಅಲ್ಲಿಯೂ ಕಾಲವನ್ನು ಮಂದಗೊಳಿಸಬಹುದು, ಅಲ್ಲಿಯೂ ಮರಳಿನ ಭಂಡಾರವಿದೆ. ಆದರೆ ಮುಖ್ಯಶಕ್ತಿಯು ಕಾಲವನ್ನು ಹಿಂದಕ್ಕೆ ಸರಿಸುವುದು: ಕತ್ತಿಯೇಟಿಗೆ ಮಡಿದ ರಾಜಕುಮಾರನು ಏಟು ಬೀಳುವುದಕ್ಕೆ ಮುಂಚಿನ ಕ್ಷಣಕ್ಕೆ ಮರಳುವನು. ಇದಕ್ಕಿಂತಲೂ ಸ್ವಾರಸ್ಯವಾದುದು ಕಥನಕ್ರಮ. ಇಡೀ ಕಥೆಯನ್ನು ರಾಜಕುಮಾರನೇ ಹೇಳುತ್ತಿದ್ದಾನೆ. ಮರಳು ತೀರಿ ನಾಯಕನು ಸತ್ತರೆ, ಹಾಗೆ ನಡೆಯಲಿಲ್ಲವೆಂದು ಕಥನಕಾರನು ತನ್ನನ್ನು ತಾನೇ ತಿದ್ದಿಕೊಳ್ಳುವನು. ಆಡುವವನ ಸೋಲು ಹೇಳುವವನ ಬಾಯಿತಪ್ಪಾಗುವುದು! ಕಥಾಸರಿತ್ಸಾಗರದ ಕಥೆಯೊಳಗಿನ ಕಥೆಗಳಲ್ಲಿ ನುರಿತವರಿಗೆ ಈ ಯುಕ್ತಿಯ ಬೆಲೆ ಕೂಡಲೇ ತಿಳಿಯುವುದು.

ಜಪಾನಿನ 'ಬಯೊನೆಟ್ಟಾ' (2009) ಭಂಡಾರದ ಕಟ್ಟನ್ನೇ ಸಡಿಲಿಸಿತು. ಶತ್ರುವಿನ ಏಟನ್ನು ಕೊನೆಯ ಕ್ಷಣದಲ್ಲಿ ತಪ್ಪಿಸಿಕೊಂಡವಳಿಗೇ ಕಾಲವು ಮಂದವಾಗುವುದು. ಶಕ್ತಿಯು ಸಾಹಸದ ಫಲ.

ಆದರೆ ಪೂರ್ಣವಾದ ಪರಿವರ್ತನೆಯು ಪೋಲೆಂಡಿನ 'ಸೂಪರ್‌ಹಾಟ್'ನಲ್ಲಿಯೇ. 2013ರಲ್ಲಿ ಏಳು ದಿನಗಳ ಆಟರಚನೆಯ ಪಂಥಕ್ಕಾಗಿ ಹುಟ್ಟಿ, 2016ರಲ್ಲಿ ಪೂರ್ಣರೂಪದಿಂದ ಪ್ರಕಟವಾದ ಈ ಆಟದ ಸೂತ್ರವೊಂದೇ: ಆಡುವವನು ಚಲಿಸಿದರೆ ಕಾಲವು ಚಲಿಸುವುದು, ನಿಂತರೆ ಅದೂ ಬಹುಮಟ್ಟಿಗೆ ನಿಲ್ಲುವುದು. ತುಂಬುವ ಭಂಡಾರವಿಲ್ಲ, ಒತ್ತಬೇಕಾದ ಗುಂಡಿಯಿಲ್ಲ. ಒಂದು ಗುಂಡು ತಗಲಿದರೆ ನಾಯಕನು ಸಾಯುವನು. ಬಿಳಿಯ ಕೋಣೆ, ಗಾಜಿನಂತೆ ಒಡೆದುಹೋಗುವ ಕೆಂಪು ಶತ್ರುಗಳು, ಕಪ್ಪು ಆಯುಧ, ಬೇರೆ ಅಲಂಕಾರವಿಲ್ಲ. ಮನೆಯ ಹುಡುಗನೊಬ್ಬನ ಸಹಾಯದಿಂದ ನಾನು ಇದನ್ನು ಆಡಿನೋಡಿದಾಗ, ಆತುರದಿಂದ ಮುನ್ನುಗ್ಗಿ ಕೆಲವೇ ಹೆಜ್ಜೆಗಳಲ್ಲಿ ಮಡಿದೆನು. ನಿಂತಾಗಲೇ ತಿಳಿದದ್ದು, ನಾನಿಟ್ಟ ಪ್ರತಿಯೊಂದು ಹೆಜ್ಜೆಯೂ ಶತ್ರುವಿನ ಗುಂಡಿಗೆ ನಾನೇ ಕೊಟ್ಟ ಅನುಮತಿಯೆಂದು. 'ಮ್ಯಾಕ್ಸ್ ಪೇನ್'ನಲ್ಲಿ ಕಾಲಮಾಂದ್ಯವು ಅನುಗ್ರಹ, ಇಲ್ಲಿ ಹೊಣೆ. ಕಾಣುವ ದೃಶ್ಯವು ಅದೇ, ಗಾಳಿಯಲ್ಲಿ ತೂಗುವ ಗುಂಡುಗಳು. ಆದರೂ ಕಾಳಗವು ಚದುರಂಗದಂತೆ ವಿಚಾರಪ್ರಧಾನವಾಯಿತು.

ಈ ನವತೆಯೂ ಒಂದು ಚಮತ್ಕಾರವಷ್ಟೆ, ಎರಡನೆಯ ಸಲಕ್ಕೆ ಹಳತಾಗುವುದೆಂದು ಆಕ್ಷೇಪಿಸಬಹುದು. ಅದರಲ್ಲಿ ಅರ್ಧ ನಿಜವುಂಟು. ಕಣ್ಣಿಗೆ ತೆರೆಯನ್ನು ಕಟ್ಟಿಕೊಂಡು ಆಡುವ ಅದರ ರೂಪಾಂತರದಲ್ಲಿ ಕೈಯೆತ್ತಿದರೂ ತಲೆ ಬಾಗಿಸಿದರೂ ಕಾಲವು ಕದಲುವುದರಿಂದ ಸೂತ್ರವು ಇನ್ನೂ ಬಿಗಿಯಾಯಿತು. 2020ರ 'ಮೈಂಡ್ ಕಂಟ್ರೋಲ್ ಡಿಲೀಟ್' ಎಂಬ ಮುಂದಿನ ಆಟದಲ್ಲಾದರೋ, ಹೊಸ ಹೊಸ ಶಕ್ತಿಗಳನ್ನು ಒಂದರ ಮೇಲೊಂದು ಆರಿಸಿಕೊಳ್ಳುವ ಏರ್ಪಾಡು ಬಂದು, ನಾಯಕನಿಗೆ ಒಂದೇ ಗುಂಡಿಗೆ ಸಾಯದಿರುವ ಸೌಕರ್ಯವೂ ದೊರೆತು, ಬಿಟ್ಟುಬಂದ ಭಂಡಾರದ ಬಾಗಿಲು ಮತ್ತೆ ಸ್ವಲ್ಪ ತೆರೆಯಿತು.