ಹೃದ್ರೋಗದ ಅಪಾಯ: ಗ್ರಾಮೀಣ ಸಮುದಾಯ ತಪಾಸಣೆ

ರೋಗಲಕ್ಷಣ ಕಾಣಿಸಿಕೊಳ್ಳುವ ಮೊದಲೇ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವಿರುವವರನ್ನು ಹಳ್ಳಿಯಲ್ಲೇ ಗುರುತಿಸುವ ವ್ಯವಸ್ಥೆ. ಭಾರತದಲ್ಲಿ 2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ ಇದಕ್ಕೆ ತಳಹದಿ.

ತಪಾಸಣೆ ಶುರುವಾಗುವುದು ಮನೆಯಂಗಳದಲ್ಲಿ. ಆಶಾ ಕಾರ್ಯಕರ್ತೆ 30 ವರ್ಷ ದಾಟಿದವರ ವಯಸ್ಸು, ಬೀಡಿ-ತಂಬಾಕು, ಮದ್ಯಪಾನ, ದೈಹಿಕ ಚಟುವಟಿಕೆ, ಮನೆತನದ ಕಾಯಿಲೆಗಳ ಬಗ್ಗೆ ಕೇಳಿ ಬರೆದುಕೊಳ್ಳುತ್ತಾರೆ. ಟೇಪು ಹಿಡಿದು ಸೊಂಟದ ಸುತ್ತಳತೆ ನೋಡುತ್ತಾರೆ. ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂ.ಮೀ. ಮೀರಿದರೆ, ಈ ಉತ್ತರಗಳಿಗೆ ಕೊಡುವ ಅಪಾಯದ ಅಂಕ ಏರುತ್ತದೆ. ಒಟ್ಟು ಅಂಕ 4ಕ್ಕಿಂತ ಹೆಚ್ಚಾದವರಿಗೆ ತಪಾಸಣೆಯಲ್ಲಿ ಆದ್ಯತೆ. ಮುಂದೆ ಉಪಕೇಂದ್ರದಲ್ಲಿ ರಕ್ತದೊತ್ತಡ, ಬೆರಳ ತುದಿಯ ಹನಿ ರಕ್ತದಿಂದ ಸಕ್ಕರೆ ಪರೀಕ್ಷೆ. ಹೊಲದಿಂದ ನಡೆದು ಬಂದವರನ್ನು ಐದು ನಿಮಿಷವಾದರೂ ಕೂರಿಸಿಯೇ ಬಿ.ಪಿ. ನೋಡಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಕಳಿಸುತ್ತಾರೆ.

ಕರ್ನಾಟಕದಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಇದೇ ಬಗೆಯದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯ ಕೆಲಸ ಬೇರೆ: ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ತುರ್ತು ಚುಚ್ಚುಮದ್ದು.

ನಿಜವಾದ ಕಷ್ಟವಿರುವುದು ತಪಾಸಣೆಯ ನಂತರ. ನೋವಿಲ್ಲದ ಕಾಯಿಲೆಗೆ ದಿನವೂ ಮಾತ್ರೆ ಏಕೆಂದು ಹಲವರು ಬಿಟ್ಟುಬಿಡುತ್ತಾರೆ; ದಿನಗೂಲಿ ಕಳೆದುಕೊಂಡು ಆಸ್ಪತ್ರೆಗೆ ಹೋದ ದಿನ ಮಾತ್ರೆ ಸಿಗದಿದ್ದರೆ ಮತ್ತೆ ಹೋಗುವುದಿಲ್ಲ. ಉಪಕೇಂದ್ರದಲ್ಲಿ ಒಮ್ಮೆಗೇ ತಿಂಗಳ ಮಾತ್ರೆ ಕೊಡದೆ ಬರೀ ಎಣಿಕೆ ಹೆಚ್ಚಿಸುವ ತಪಾಸಣಾ ಶಿಬಿರಗಳಿಂದ ಜೀವ ಉಳಿಯದು.