ತೆರೆಯ ಮುಂದಿನ ಸಾರಥಿ: ಜರ್ಮನ್ ರಮ್ಯ ರಂಗಭೂಮಿ ಮತ್ತು ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಬಯಲಾಟ

ಜರ್ಮನ್ ರಂಗಭೂಮಿಯ ರಮ್ಯ ಪಂಥವನ್ನು ಕುರಿತು ಬರೆಯುವವರು ಭಾವತೀವ್ರತೆ, ನಿಸರ್ಗಪ್ರೀತಿ, ಮಧ್ಯಯುಗದ ಸೆಳೆತ, ಜಾನಪದದ ಒಲವು ಎಂದು ಲಕ್ಷಣಗಳನ್ನು ಹೇಳಿ ಮುಂದೆ ಸಾಗುವುದು ರೂಢಿ. ಇವೆಲ್ಲ ನಿಜ; ಆದರೆ ಇವು ಆ ಕಾಲದ ಕಾವ್ಯಕ್ಕೂ ಅಷ್ಟೇ ಸಲ್ಲುತ್ತವೆ. ನಾಟಕಕ್ಕೇ ವಿಶಿಷ್ಟವಾದ ಲಕ್ಷಣ ಬೇರೊಂದಿದೆ. ಅದು ನಾಟಕವು ತಾನು ನಾಟಕವೆಂಬುದನ್ನು ಮರೆಮಾಚದೆ ಆಡುವುದು. ಈ ಲಕ್ಷಣಕ್ಕೆ ಭಾರತದ ನಂಟಿದೆ. ಆ ನಂಟಿನ ಒಂದು ಎಳೆ ಚಳ್ಳಕೆರೆ ತಾಲ್ಲೂಕಿನ ತಳುಕಿನವರನ್ನೂ ಮುಟ್ಟಿದೆ. ಯಾವ ಜರ್ಮನ್ ಗ್ರಂಥದ ಹಂಗೂ ಇಲ್ಲದೆ ಇದೇ ಲಕ್ಷಣವನ್ನು ಉಳಿಸಿಕೊಂಡ ರಂಗವೂ ಅದೇ ಸೀಮೆಯಲ್ಲಿದೆ.

ಲುಡ್ವಿಗ್ ಟೀಕ್ 1797ರಲ್ಲಿ ಪ್ರಕಟಿಸಿದ ‘ಬೂಟು ತೊಟ್ಟ ಬೆಕ್ಕು’ ಮಕ್ಕಳ ಕಥೆಯೊಂದರ ನಾಟಕರೂಪ. ಆದರೆ ಅಲ್ಲಿ ಪ್ರೇಕ್ಷಕರೂ ಪಾತ್ರಗಳೇ. ಅವರು ನಡುನಡುವೆ ಬಾಯಿ ಹಾಕುತ್ತಾರೆ, ಇದೆಂಥ ಆಟವೆಂದು ಗೊಣಗುತ್ತಾರೆ, ಗದ್ದಲ ಎಬ್ಬಿಸುತ್ತಾರೆ. ನಾಟಕಕಾರನೇ ರಂಗಕ್ಕೆ ಬಂದು ಅಂಗಲಾಚುತ್ತಾನೆ. ಅವರನ್ನು ತಣಿಸಲು ಮೊಟ್ಸಾರ್ಟನ ‘ಮಾಯಾಕೊಳಲಿ’ನ ಹಾಡೂ ದೃಶ್ಯವೂ ಬರಬೇಕಾಗುತ್ತದೆ. ಶ್ಲೇಗೆಲ್ ಸಹೋದರರು ‘ಅಥೆನೇಉಮ್’ ಪತ್ರಿಕೆಯ (1798–1800) ಮೂಲಕ ಕಟ್ಟಿದ ವಿಚಾರಪ್ರಪಂಚಕ್ಕೆ ಇಂಥ ಕೃತಿಗಳು ಹತ್ತಿರದವು. ಕಲೆಯು ಭ್ರಮೆಯನ್ನು ಕಟ್ಟುತ್ತಲೇ ಅದರಿಂದ ಹೊರಗೆ ನಿಂತು ನೋಡಬಲ್ಲದು ಎಂಬುದು ಫ್ರೀಡ್ರಿಕ್ ಶ್ಲೇಗೆಲ್‌ನ ನಿಲುವು.

ಆದರೆ ಈ ನಾಟಕಗಳಿಗೆ ರಂಗ ಸಿಗಲಿಲ್ಲ. ಟೀಕ್‌ನ ಬೆಕ್ಕು ಬರ್ಲಿನ್ನಿನ ವೇದಿಕೆ ಏರಿದ್ದು 1844ರಲ್ಲಿ. ಅದೇ ಕಾಲದ ನಾಟಕಕಾರ ಕ್ಲೈಸ್ಟ್ 1811ರಲ್ಲಿ ತೀರಿಕೊಂಡ; ಅವನ ‘ಹೋಂಬುರ್ಗಿನ ರಾಜಕುಮಾರ’ ಮೊದಲ ಪ್ರದರ್ಶನ ಕಂಡದ್ದು 1821ರಲ್ಲಿ. ಜನರ ಕಲೆ ಬೇಕೆಂದು ಹಂಬಲಿಸಿದ ಪಂಥದ ನಾಟಕಗಳು ಬಹುಪಾಲು ಓದುಗರ ಕೋಣೆಯಲ್ಲೇ ಉಳಿದವು. ಇದು ಆ ಪಂಥದ ದೊಡ್ಡ ನೋವು ಎಂದೇ ನಾನು ತಿಳಿಯುತ್ತೇನೆ.

ಭಾರತದ ನಂಟು ಶಾಕುಂತಲದ್ದು. ವಿಲಿಯಂ ಜೋನ್ಸ್ 1789ರಲ್ಲಿ ಇಂಗ್ಲಿಷಿಗೆ ತಂದ ಕಾಳಿದಾಸನ ನಾಟಕವನ್ನು ಗಿಯೋರ್ಗ್ ಫೋರ್ಸ್ಟರ್ 1791ರಲ್ಲಿ ಜರ್ಮನ್ನಿಗೆ ತಿರುಗಿಸಿದ. ಗಯಟೆ ಅದನ್ನು ಮೆಚ್ಚಿ ಪುಟ್ಟ ಪದ್ಯ ಬರೆದ. ಹೆರ್ಡರ್ ಅದರ ಬಗ್ಗೆ ಲೇಖನ ಬರೆದ. ಅವರು ಓದಿದ ಪ್ರಸ್ತಾವನೆಯಲ್ಲಿ ಸೂತ್ರಧಾರ ನಟಿಯ ಹಾಡಿಗೆ ಮೈಮರೆತು, ತಾನು ಆಡಿಸಬೇಕಾದ ನಾಟಕ ಯಾವುದೆಂಬುದನ್ನೇ ಮರೆಯುತ್ತಾನೆ. 1808ರಲ್ಲಿ ಪ್ರಕಟವಾದ ‘ಫೌಸ್ಟ್’ ಮೊದಲ ಭಾಗದ ಆರಂಭದಲ್ಲಿ ರಂಗದ ಯಜಮಾನ, ಕವಿ, ವಿದೂಷಕ ಮೂವರೂ ವಾದಕ್ಕಿಳಿಯುವ ದೃಶ್ಯಕ್ಕೆ ಶಾಕುಂತಲದ ಪ್ರಸ್ತಾವನೆಯೇ ಪ್ರೇರಣೆ ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು.

ಗಯಟೆಯ ಆ ಪದ್ಯವನ್ನೇ ಮುಂದಿಟ್ಟುಕೊಂಡು ರವೀಂದ್ರನಾಥ ಠಾಕೂರರು ಶಾಕುಂತಲವನ್ನು ಕುರಿತು ಪ್ರಬಂಧ ಬರೆದರು. ಅದು ಅವರ ‘ಪ್ರಾಚೀನ ಸಾಹಿತ್ಯ’ ಸಂಕಲನಕ್ಕೆ ಸೇರಿತು. ಆ ಸಂಕಲನವನ್ನು ಕನ್ನಡಕ್ಕೆ ತಂದವರು ತಳುಕಿನ ಟಿ.ಎಸ್. ವೆಂಕಣ್ಣಯ್ಯ (1885–1939). ಅವರ ಒಡನಾಡಿ ಎ.ಆರ್. ಕೃಷ್ಣಶಾಸ್ತ್ರಿಗಳು ‘ಸಂಸ್ಕೃತ ನಾಟಕ’ ಬರೆದರು. ವೆಂಕಣ್ಣಯ್ಯನವರ ಶಿಷ್ಯ ಕುವೆಂಪು ‘ಸ್ಮಶಾನ ಕುರುಕ್ಷೇತ್ರಂ’ನಂಥ ನಾಟಕ ರಚಿಸಿ, ಮುಂದೆ ‘ಶ್ರೀ ರಾಮಾಯಣ ದರ್ಶನಂ’ ಕೃತಿಯನ್ನು ಗುರುವಿಗೆ ಅರ್ಪಿಸಿದರು. ನವೋದಯದ ಕಾವ್ಯನಾಟಕಗಳಿಗೂ ಜರ್ಮನ್ ರಮ್ಯರ ಕೃತಿಗಳಿಗೂ ಒಂದೇ ಗತಿ ಒದಗಿದ್ದು ಗಮನಾರ್ಹ. ಅವು ಬಹುಕಾಲ ಓದಿಗಷ್ಟೇ ಸಂದವು. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ರಂಗದ ಮೇಲೆ ಅರಳಲು ಬಿ.ವಿ. ಕಾರಂತರೇ ಬರಬೇಕಾಯಿತು.

ಇತ್ತ ಚಳ್ಳಕೆರೆ, ಮೊಳಕಾಲ್ಮುರಿನ ಹಳ್ಳಿಗಳಲ್ಲಿ ರಂಗದ ಕೊರತೆ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು; ಆಮೇಲೆ ಅಟ್ಟ ಕಟ್ಟಿ ಬೆಳಗಿನವರೆಗೆ ಬಯಲಾಟ. ಗಣಪತಿ, ಸರಸ್ವತಿಯರ ಸ್ತುತಿ ಮುಗಿದು, ಮದ್ದಳೆ ತಾಳಗಳ ಅಬ್ಬರದಲ್ಲಿ ಪಾತ್ರವು ತೆರೆಯ ಹಿಂದಿನಿಂದ ಬರುತ್ತದೆ. ಮರದ ಕಿರೀಟ, ಭುಜಕೀರ್ತಿ, ಎದೆಹಾರಗಳ ಭಾರ ಹೊತ್ತು ಕುಣಿದು ನಿಂತ ರಾಜನನ್ನು, ಆಟವನ್ನು ನಡೆಸಿಕೊಡುವ ಸಾರಥಿ ಎದುರುಗೊಂಡು, ನೀನು ಯಾರು, ಯಾವ ಪಟ್ಟಣದವನು, ಈ ಸಭೆಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಜ ತನ್ನ ಬಿರುದು ಬಾವಲಿಗಳನ್ನು ಗ್ರಾಂಥಿಕ ಭಾಷೆಯಲ್ಲಿ ಒದರುತ್ತಾನೆ; ಸಾರಥಿ ಊರ ಮಾತಿನಲ್ಲೇ ಉತ್ತರ ಕೊಡುತ್ತಾನೆ. ಅವನ ಒಂದು ಕಾಲು ಹಸ್ತಿನಾವತಿಯಲ್ಲಿ, ಇನ್ನೊಂದು ಕಾಲು ಆ ಊರಿನ ಬೀದಿಯಲ್ಲಿ. ಮಳೆ ಹೋದದ್ದು, ಶೇಂಗಾ ದರ ಬಿದ್ದದ್ದು ದುರ್ಯೋಧನನ ಸಭೆಯಲ್ಲಿ ಮಾತಾದರೆ ಯಾರಿಗೂ ವಿಚಿತ್ರ ಎನಿಸುವುದಿಲ್ಲ.

ಟೀಕ್ ಮಾಡಿದ್ದೂ ಇದನ್ನೇ. ಉದ್ದೇಶ ಮಾತ್ರ ಬೇರೆ. ಆ ಕಾಲದ ಜನಪ್ರಿಯ ನಾಟಕಕಾರರಾದ ಇಫ್ಲಾಂಡ್, ಕೊಟ್ಸೆಬೂ ಅವರ ಸಂಸಾರ ನಾಟಕಗಳಿಗೆ ಒಗ್ಗಿಹೋಗಿದ್ದ ನಗರದ ಪ್ರೇಕ್ಷಕನನ್ನು ಅವನು ಚುಚ್ಚಬೇಕಿತ್ತು. ಅಲ್ಲಿ ನಾಟಕಕಾರನಿಗೂ ಪ್ರೇಕ್ಷಕನಿಗೂ ಜಗಳ; ಕೊನೆಗೆ ಕವಿಯ ಮೇಲೆ ಕೊಳೆತ ಹಣ್ಣುಗಳು ತೂರಿಬರುತ್ತವೆ. ಬಯಲಾಟದಲ್ಲಿ ಆ ಜಗಳಕ್ಕೆ ಆಸ್ಪದವಿಲ್ಲ. ಕೃಷ್ಣನ ವೇಷ ಹಾಕಿದವನು ಯಾರ ಮಗನೆಂದು ನೋಡುವವರಿಗೆಲ್ಲ ಗೊತ್ತು. ಹಾಗೆ ಗೊತ್ತಿರುವುದರಿಂದ ಆ ಪಾತ್ರದ ದೈವತ್ವಕ್ಕೆ ಎಳ್ಳಷ್ಟೂ ಊನ ಬರುವುದಿಲ್ಲ. ಬಯಲಾಟವನ್ನು ನಾಟಕದ ಬಲಿಯದ ರೂಪವೆಂದು ಎಣಿಸಿದ ವಿಮರ್ಶೆ ಕಾಣದೆ ಹೋದದ್ದು ಇದನ್ನೇ.

ಇನ್ನು ಸಂಗ್ರಹದ ಮಾತು. ಹೆರ್ಡರ್ 1778–79ರಲ್ಲಿ ಜನಪದ ಗೀತೆಗಳ ಸಂಗ್ರಹವನ್ನು ಪ್ರಕಟಿಸಿದ. ರಮ್ಯ ಪಂಥದ ಕವಿಗಳಾದ ಆರ್ನಿಮ್ ಮತ್ತು ಬ್ರೆಂಟಾನೊ 1805ರಿಂದ ಆ ಕೆಲಸ ಮುಂದುವರಿಸಿದರು. ಚಳ್ಳಕೆರೆ ಸೀಮೆಯಲ್ಲೂ ಸಂಗ್ರಹದ ಒಲವು ಹಾಡು, ಕಥನಗಳ ಕಡೆಗೇ ಹೆಚ್ಚು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ್ದು ದೊಡ್ಡ ಕೆಲಸ. ಬಯಲಾಟದ ಪ್ರಸಂಗಗಳೂ ಭಾಗವತರ ಕೈಬರಹದ ಪುಸ್ತಕಗಳಲ್ಲಿ ಉಳಿದುಬಂದಿವೆ. ಅವುಗಳಲ್ಲಿ ಪದಗಳಿವೆ, ರಾಜರ ಸಂಭಾಷಣೆಗಳಿವೆ. ಸಾರಥಿಯ ಮಾತುಗಳು ಮಾತ್ರ ಬಹುಪಾಲು ಅಲ್ಲಿಲ್ಲ. ಅವು ಆಯಾ ರಾತ್ರಿ, ಆಯಾ ಊರಿನ ಜನರನ್ನು ನೋಡಿ ಹುಟ್ಟಿದವು. ಟೀಕ್ ತನ್ನ ಗದ್ದಲದ ಪ್ರೇಕ್ಷಕರ ಒಂದೊಂದು ಮಾತನ್ನೂ ಮೊದಲೇ ಬರೆದಿಟ್ಟಿದ್ದ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕಾದರೆ ಬರೆದಿಟ್ಟ ಪ್ರಸಂಗ ಸಾಲದು. ಒಂದೇ ಪ್ರಸಂಗವನ್ನು ಬೇರೆ ಬೇರೆ ಊರುಗಳಲ್ಲಿ ಇಡೀ ರಾತ್ರಿ ಧ್ವನಿಮುದ್ರಿಸಿಕೊಂಡು, ಸಾರಥಿಯ ಪಾಠಗಳನ್ನು ಹೋಲಿಸಬೇಕು.